ಹಳೆಯ ಸರ್ವರ್ ಕ್ಯಾಬಿನೆಟ್ಟಿನಿಂದ ಸಾಗಿಸಬಲ್ಲ ನೆಟ್‌ವರ್ಕ್ ಪೆಟ್ಟಿಗೆ: ಸಮಗ್ರ ಮಾರ್ಗದರ್ಶಿ

ಸರ್ವರ್, ನೆಟ್‌ವರ್ಕ್ ಸಾಧನಗಳನ್ನು ಒಂದರ ಮೇಲೊಂದು ಜೋಡಿಸಿಡುವ ಉಕ್ಕಿನ ಕಪಾಟಾದ ಸರ್ವರ್ ಕ್ಯಾಬಿನೆಟ್ ಒಂದೇ ಕಡೆ ನಿಂತಿರಲೆಂದು ತಯಾರಾದ ವಸ್ತು. ಒಮ್ಮೆ ಕೋಣೆಗೆ ತಂದು ನಿಲ್ಲಿಸಿ, ನೆಲದ ಮಟ್ಟ ನೋಡಿ ಕಾಲುಗಳನ್ನು ತಿರುಗಿಸಿ ಸರಿಪಡಿಸಿದರೆ ಅದು ವರ್ಷಗಟ್ಟಲೆ ಅಲುಗದೆ ನಿಲ್ಲುತ್ತದೆ. ಅದರ ತಗಡಿನ ದಪ್ಪ, ಕೀಲುಗಳ ಬಲ, ಸಾಧನಗಳನ್ನು ಹಿಡಿದಿಡುವ ಸ್ಕ್ರೂಗಳ ಸಂಖ್ಯೆ ಎಲ್ಲವನ್ನೂ ಈ ನಿಶ್ಚಲತೆಯನ್ನು ನಂಬಿಯೇ ನಿರ್ಧರಿಸಿರುತ್ತಾರೆ. ಆದ್ದರಿಂದ ಮೂಲೆಗೆ ಸೇರಿದ ಹಳೆಯ ಕ್ಯಾಬಿನೆಟ್ಟಿಗೆ ಬಣ್ಣ ಬಳಿದು ನಾಲ್ಕು ಚಕ್ರ ಜೋಡಿಸಿದ ಮಾತ್ರಕ್ಕೆ ಅದು ಊರಿಂದೂರಿಗೆ ಒಯ್ಯಬಹುದಾದ ಪೆಟ್ಟಿಗೆಯಾಗುವುದಿಲ್ಲ. ತಾತ್ಕಾಲಿಕ ಕಚೇರಿ, ಸಮ್ಮೇಳನ, ನೇರ ಪ್ರಸಾರ, ವಿಪತ್ತು ಪರಿಹಾರದ ಶಿಬಿರ ಮೊದಲಾದ ಕಡೆಗಳಿಗೆ ನೆಟ್‌ವರ್ಕ್ ಸ್ವಿಚ್ (ಹಲವು ಸಾಧನಗಳ ನೆಟ್‌ವರ್ಕ್ ತಂತಿಗಳನ್ನು ಒಂದುಗೂಡಿಸುವ ಸಾಧನ), ರೂಟರ್, ಯುಪಿಎಸ್‌ಗಳನ್ನು ಜೋಡಿಸಿದ ಸ್ಥಿತಿಯಲ್ಲಿಯೇ ಒಯ್ದು, ಒಂದು ವಿದ್ಯುತ್ ತಂತಿ ಮತ್ತು ಒಂದು ಇಂಟರ್ನೆಟ್ ತಂತಿ ಸಿಕ್ಕಿಸಿದೊಡನೆ ಕೆಲಸ ಆರಂಭವಾಗಬೇಕಾದರೆ, ಕ್ಯಾಬಿನೆಟ್ಟನ್ನು ಬುಡದಿಂದ ಮತ್ತೊಮ್ಮೆ ಯೋಚಿಸಬೇಕು. ಈ ಕೆಲಸದ ಪ್ರತಿ ಹಂತದಲ್ಲೂ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ವಾಹನದ ಚಕ್ರ ಗುಂಡಿಗೆ ಇಳಿದೆದ್ದಾಗ ಈ ಭಾಗದ ಭಾರವನ್ನು ಯಾವುದು ಹೊರುತ್ತದೆ? ಇದಕ್ಕೆ ಸ್ಪಷ್ಟ ಉತ್ತರ ದೊರೆಯದ ಜೋಡಣೆಯನ್ನು ಕಳಚಿ ಮತ್ತೆ ಮಾಡುವುದೇ ಲೇಸು.

ಹಂತ 1: ಕ್ಯಾಬಿನೆಟ್ಟಿನ ಆಯ್ಕೆ ಮತ್ತು ಅಳತೆ

ಹಳೆಯ ಕ್ಯಾಬಿನೆಟ್ಟನ್ನು ಮತ್ತೆ ಬಳಸಲು ಸಾಧ್ಯವಾಗುವುದಕ್ಕೆ ಕಾರಣ ಅದರ ಅಳತೆಗಳು ಬದಲಾಗದೆ ಉಳಿದಿರುವುದು. 1922ರ ಸುಮಾರಿಗೆ ಅಮೆರಿಕದ ಎಟಿ ಆ್ಯಂಡ್ ಟಿ ದೂರವಾಣಿ ಸಂಸ್ಥೆ ತನ್ನ ವಿನಿಮಯ ಕೇಂದ್ರಗಳಲ್ಲಿ ಜಾಗ ಉಳಿಸಲು ರೂಢಿಗೆ ತಂದ 19 ಇಂಚಿನ ಚೌಕಟ್ಟು ಮುಂದೆ ಇಐಎ-310 ಮಾನಕದಲ್ಲಿ ನೆಲೆಗೊಂಡಿತು. ಹಾಗಾಗಿ ಹಲವು ದಶಕಗಳ ಹಿಂದಿನ ಚೌಕಟ್ಟಿನಲ್ಲಿಯೂ ಇಂದಿನ ಸ್ವಿಚ್ ಕೂರುತ್ತದೆ. ಸಾಧನದ ಮುಖಫಲಕದ ಅಗಲ 482.6 ಮಿ.ಮೀ., ಎಡ ಬಲದ ತೂತುಗಳ ನಡುಬಿಂದುಗಳ ಅಂತರ 465.1 ಮಿ.ಮೀ., ಎರಡು ಕಂಬಗಳ ನಡುವಿನ ತೆರಪು ಕನಿಷ್ಠ 450 ಮಿ.ಮೀ. ಇರಬೇಕು. ಎತ್ತರವನ್ನು ‘ಯು’ ಎಂಬ ಅಳತೆಯಲ್ಲಿ ಎಣಿಸುತ್ತಾರೆ. ಒಂದು ಯು ಎಂದರೆ 44.45 ಮಿ.ಮೀ. ಕ್ಯಾಬಿನೆಟ್ ಮನೆಗೆ ತರುವ ಮುನ್ನ ಟೇಪು ಹಿಡಿದು ಈ ಅಂತರಗಳನ್ನು ನೋಡಲೇಬೇಕು. ಏಕೆಂದರೆ ದೂರಸಂಪರ್ಕ ಕ್ಷೇತ್ರದಿಂದ ಹೊರಬಿದ್ದ ಕೆಲವು ಚೌಕಟ್ಟುಗಳು 23 ಇಂಚಿನವು, ಇನ್ನು ಕೆಲವು 535 ಮಿ.ಮೀ. ಅಗಲದ ಯುರೋಪಿಯನ್ ಮಾದರಿಯವು. ನೋಡುವುದಕ್ಕೆ ಎಲ್ಲವೂ ಒಂದೇ ತೆರನಾಗಿರುತ್ತವೆ.

ಸಾಗಿಸುವ ಪೆಟ್ಟಿಗೆಗೆ 6 ಯುನಿಂದ 12 ಯು ಎತ್ತರ ಸೂಕ್ತ. ಯುಪಿಎಸ್‌ಗೆ 2 ಯು, ಸಣ್ಣ ಸರ್ವರ್ ಅಥವಾ ರೆಕಾರ್ಡರ್‌ಗೆ 2 ಯು, ಸ್ವಿಚ್, ಪ್ಯಾಚ್ ಪ್ಯಾನಲ್ (ತಂತಿಗಳ ತುದಿಗಳನ್ನು ಸಾಲಾಗಿ ಕೂರಿಸುವ ಫಲಕ), ರೂಟರ್ ಇಡುವ ತಟ್ಟೆಗಳಿಗೆ ತಲಾ 1 ಯು, ನಡುವೆ ಗಾಳಿಗೂ ಕೈಯಾಡಿಸುವುದಕ್ಕೂ ಒಂದೆರಡು ಯು ಎಂದು ಲೆಕ್ಕ ಹಾಕಿದರೆ 9 ಯುಗೆ ಬಂದು ನಿಲ್ಲುತ್ತದೆ. 12 ಯು ಇದ್ದರೆ ಮುಂದೆ ಸೇರುವ ಸಾಧನಕ್ಕೂ ಜಾಗ ಉಳಿಯುತ್ತದೆ. ಅದಕ್ಕಿಂತ ಎತ್ತರವಾದರೆ ಇಬ್ಬರು ಎತ್ತುವುದು ಕಷ್ಟ, ಉರುಳುವ ಭಯವೂ ಹೆಚ್ಚು. ನಿಮ್ಮಲ್ಲಿರುವುದು 42 ಯು ಎತ್ತರದ ದೊಡ್ಡ ಕ್ಯಾಬಿನೆಟ್ಟಾದರೆ ಅದನ್ನು ಗಿಡ್ಡ ಮಾಡುವುದೂ ಸಾಧ್ಯ. ಆದರೆ ಅದರ ಮೂಲೆಗಂಬಗಳು ತಳಕ್ಕೂ ಮಾಡಿಗೂ ಬೋಲ್ಟುಗಳಿಂದ ಜೋಡಣೆಯಾಗಿದ್ದರೆ ಮಾತ್ರ ಈ ಸಾಹಸಕ್ಕೆ ಕೈಹಾಕಬೇಕು. ವೆಲ್ಡ್ ಮಾಡಿದ ಚೌಕಟ್ಟನ್ನು ಕತ್ತರಿಸಿ ಮತ್ತೆ ಬೆಸೆಯುವಾಗ ಚೌಕ ತಪ್ಪುವುದು ತೀರ ಸುಲಭ. ಸತು ಲೇಪಿತ ಉಕ್ಕಾಗಿದ್ದರೆ ಬೆಸೆಯುವಾಗ ಏಳುವ ಹೊಗೆ ಆರೋಗ್ಯಕ್ಕೂ ಕೆಟ್ಟದ್ದು. ಅಂಥ ಕ್ಯಾಬಿನೆಟ್ಟಿನ ಕಂಬ, ತಟ್ಟೆ, ಫ್ಯಾನುಗಳನ್ನು ಬಿಚ್ಚಿಟ್ಟುಕೊಂಡು ಬೇರೆ ಗಿಡ್ಡ ಚೌಕಟ್ಟನ್ನು ಹುಡುಕುವುದು ಒಳ್ಳೆಯದು.

ಚೌಕಟ್ಟು ಚೌಕವಾಗಿದೆಯೇ ಎಂದು ತಿಳಿಯಲು ಮುಂಭಾಗದ ಎರಡು ಕರ್ಣಗಳನ್ನು ಅಳೆಯಿರಿ. ಅವುಗಳಲ್ಲಿ 3 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಹಿಂದೆಂದೋ ಪೆಟ್ಟು ಬಿದ್ದಿದೆ ಎಂದರ್ಥ. ಬೋಲ್ಟ್ ಸಡಿಲಿಸಿ ಸರಿಪಡಿಸಲು ಬರುವಂತಿದ್ದರೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಬಿಟ್ಟುಬಿಡಿ. ತಳದ ತಗಡನ್ನು ಉಗುರಿನಿಂದಲ್ಲ, ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಬೇಕು. ಮೇಲ್ಮೈ ತುಕ್ಕನ್ನು ತೆಗೆಯಬಹುದು, ಆದರೆ ತುದಿ ಒಳಗಿಳಿದರೆ ಆ ತಳ ಭಾರ ಹೊರಲಾರದು. ಆಳವನ್ನು ಅಳೆಯುವಾಗ ಸಾಧನದ ಉದ್ದಕ್ಕೆ ಕನಿಷ್ಠ 100 ಮಿ.ಮೀ. ಸೇರಿಸಿಕೊಳ್ಳಿ. ಹಿಂದೆ ಪ್ಲಗ್ ಕೂರುವುದಕ್ಕೂ ತಂತಿ ಬಾಗುವುದಕ್ಕೂ ಅಷ್ಟು ಜಾಗ ಬೇಕೇ ಬೇಕು.

ಹಂತ 2: ಬಿಚ್ಚುವುದು

ಎಲ್ಲವನ್ನೂ ಕಳಚುವ ಮೊದಲು ನಾಲ್ಕೂ ಬದಿಯ ಚಿತ್ರ ತೆಗೆದುಕೊಳ್ಳಿ. ಪ್ರತಿ ಭಾಗದ ಸ್ಕ್ರೂಗಳನ್ನು ಬೇರೆ ಬೇರೆ ಚೀಲಕ್ಕೆ ಹಾಕಿ ಹೆಸರು ಬರೆಯಿರಿ. ಕಂಬಗಳ ತೂತು ಚೌಕಾಕಾರದ್ದೋ ಮರೆ (ಸ್ಕ್ರೂ ಹಿಡಿಯುವ ಸುರುಳಿಗೆರೆ) ಕೊರೆದ ದುಂಡು ತೂತೋ ಎಂಬುದನ್ನು ಈಗಲೇ ಗಮನಿಸಬೇಕು. ಚೌಕ ತೂತಿಗೆ ಕೇಜ್ ನಟ್ (ತೂತಿನ ಅಂಚಿಗೆ ಸಿಕ್ಕಿ ನಿಲ್ಲುವ ತಗಡಿನ ಕವಚದ ನಟ್ಟು) ಕೂರುತ್ತದೆ. ಮರೆ ಕೊರೆದ ತೂತುಗಳಲ್ಲಿ ಹಳೆಯವು ಹೆಚ್ಚಾಗಿ ಇಂಚಿನ ಲೆಕ್ಕದವು. ಅವಕ್ಕೆ 6 ಮಿ.ಮೀ. ವ್ಯಾಸದ ಎಂ6 ಸ್ಕ್ರೂವನ್ನು ಬಲವಂತವಾಗಿ ತಿರುಗಿಸಿದರೆ ಮರೆ ಸವೆದು ತೂತು ಶಾಶ್ವತವಾಗಿ ಹಾಳಾಗುತ್ತದೆ.

ಮುಂಬಾಗಿಲಿನಲ್ಲಿ ಗಾಜಿದ್ದರೆ ಅದನ್ನು ಉಳಿಸಿಕೊಳ್ಳುವ ಆಸೆ ಬೇಡ. ಕ್ಯಾಬಿನೆಟ್ ಬಾಗಿಲಿಗೆ ಬಳಸುವ ಗಾಜು ಸಾಮಾನ್ಯವಾಗಿ ಹದಗೊಳಿಸಿದ್ದು. ಅದನ್ನು ಕತ್ತರಿಸಲು, ಕೊರೆಯಲು ಬರುವುದಿಲ್ಲ. ಅಂಚಿಗೆ ಒಂದು ಪೆಟ್ಟು ಬಿದ್ದರೆ ಇಡೀ ಹಾಳೆ ಕಾಳುಕಾಳಾಗಿ ಉದುರುತ್ತದೆ. ಅದರ ಬದಲು ತೂತು ತೂತಾದ ಉಕ್ಕಿನ ತಗಡನ್ನು ಕೂರಿಸಿದರೆ ಗಾಳಿಯಾಟವೂ ಆಗುತ್ತದೆ, ಸಾಧನಗಳ ದೀಪಗಳೂ ಕಾಣುತ್ತವೆ.

ಹಂತ 3: ತುಕ್ಕು ಮತ್ತು ಬಣ್ಣ

ಹಳೆಯ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಇರುವುದರಿಂದ ಒಣಗಿದ ಬಣ್ಣವನ್ನು ಗ್ರೈಂಡರಿನಿಂದ ಉಜ್ಜಿ ದೂಳೆಬ್ಬಿಸಬಾರದು. ಮೇಲ್ಮೈಯನ್ನು ಒದ್ದೆ ಮಾಡಿಕೊಂಡು ನೀರಿಗೆ ತಡೆಯುವ ಉಜ್ಜುಕಾಗದದಿಂದ ಕೈಯಲ್ಲೇ ಉಜ್ಜಬೇಕು, ಮುಖಕ್ಕೆ ದೂಳು ತಡೆಯುವ ಮಾಸ್ಕ್ ಇರಬೇಕು. ತುಕ್ಕು ಹಿಡಿದ ಕಡೆಗೆ ಮೊದಲು ತಂತಿ ಬ್ರಷ್, ಬಳಿಕ 80 ನಂಬರಿನ ಕಾಗದ, ಆಮೇಲೆ 180, ಕೊನೆಗೆ 320. ಕೀಲಿನ ಸಂದು, ಮಡಿಕೆಯ ಒಳಭಾಗ ಮುಂತಾಗಿ ಕಾಗದ ತಲುಪದ ಕಡೆ ತುಕ್ಕು ಪರಿವರ್ತಕ ದ್ರಾವಣವನ್ನು ಹಚ್ಚಿ, ಅದು ಕಪ್ಪಗಾಗಿ ಒಣಗುವವರೆಗೆ ಕಾಯಬೇಕು.

ಬಣ್ಣ ನಿಲ್ಲುವುದೂ ಏಳುವುದೂ ಪ್ರೈಮರಿನ ಮೇಲೆ ನಿಂತಿದೆ. ಬರಿಯ ಉಕ್ಕಿಗೆ ಸತುವಿನ ಫಾಸ್ಫೇಟ್ ಇರುವ ಪ್ರೈಮರ್ ಸಾಕು. ಆದರೆ ಸತು ಲೇಪಿತ ತಗಡಿನ ಮೇಲೆ ಎಣ್ಣೆ ಮೂಲದ ಎನಾಮೆಲ್ಲನ್ನು ನೇರವಾಗಿ ಹಚ್ಚಿದರೆ ಅದು ಕೆಲವು ತಿಂಗಳಲ್ಲಿ ಸಿಪ್ಪೆಯಂತೆ ಏಳುತ್ತದೆ. ಸತುವು ಎನಾಮೆಲ್ಲಿನ ಎಣ್ಣೆಯೊಡನೆ ವರ್ತಿಸಿ ನಡುವೆ ಸಾಬೂನಿನಂಥ ಪದರ ಕಟ್ಟುವುದೇ ಇದಕ್ಕೆ ಕಾರಣ. ಅಂಥ ತಗಡಿಗೆ ಎಚ್ (etch) ಪ್ರೈಮರ್, ಅಂದರೆ ಲೋಹದ ಮೇಲ್ಮೈಯನ್ನು ತುಸು ಕೊರೆದು ಹಿಡಿಯುವ ಪ್ರೈಮರ್ ಬೇಕು. ದಪ್ಪನೆಯ ಒಂದು ಲೇಪಕ್ಕಿಂತ ತೆಳುವಾದ ಎರಡು ಲೇಪ ಮೇಲು. ಒಳಭಾಗಕ್ಕೆ ಬಿಳಿ ಅಥವಾ ತಿಳಿ ಬೂದು ಬಣ್ಣವನ್ನೇ ಹಚ್ಚಿ ಎಂಬುದು ನನ್ನ ಒತ್ತಾಯದ ಸಲಹೆ. ಮಬ್ಬು ಬೆಳಕಿನಲ್ಲಿ ಕಪ್ಪು ಪೆಟ್ಟಿಗೆಯೊಳಗೆ ಕಪ್ಪು ತಂತಿಯ ತುದಿಯನ್ನು ಹುಡುಕಿದವರಿಗೆ ಇದರ ಬೆಲೆ ಗೊತ್ತು.

ಬಣ್ಣ ಹಚ್ಚುವ ಮುನ್ನವೇ ಕೊರೆತ, ಕತ್ತರಿಕೆಗಳೆಲ್ಲ ಮುಗಿದಿರಬೇಕು. ಆದ್ದರಿಂದ ಮುಂದಿನ ನಾಲ್ಕು ಹಂತಗಳ ತೂತುಗಳನ್ನು ಈಗಲೇ ಗುರುತಿಸಿ ಕೊರೆದುಕೊಳ್ಳಿ. ಕೊರೆದಾಗ ಉದುರುವ ಉಕ್ಕಿನ ಸುರುಳಿ ಮತ್ತು ಪುಡಿ ವಿದ್ಯುನ್ಮಾನ ಸಾಧನಕ್ಕೆ ದೊಡ್ಡ ಶತ್ರು. ಪ್ರಯಾಣದಲ್ಲಿ ಮಡಿಕೆಯಿಂದ ಉದುರಿದ ಒಂದು ಚೂರು ವಿದ್ಯುತ್ ಪೂರೈಕೆಯ ಒಳಗೆ ಬಿದ್ದರೂ ಸಾಕು, ಶಾರ್ಟ್ ಆಗುತ್ತದೆ. ಆಯಸ್ಕಾಂತವೊಂದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಪ್ರತಿ ಮಡಿಕೆಯ ಉದ್ದಕ್ಕೂ ಎಳೆಯಿರಿ. ಚೀಲದ ಹೊರಮೈಗೆ ಪುಡಿ ಮೀಸೆಗೂದಲಿನಂತೆ ನಿಮಿರಿ ನಿಲ್ಲುತ್ತದೆ. ಚೀಲವನ್ನು ಒಳಹೊರಗು ಮಾಡಿ ತೆಗೆದರೆ ಪುಡಿಯೆಲ್ಲ ಅದರೊಳಗೆ ಉಳಿಯುತ್ತದೆ. ಚೀಲ ಸ್ವಚ್ಛವಾಗಿ ಬರುವವರೆಗೂ ಇದನ್ನು ಮಾಡುತ್ತಿರಬೇಕು.

ಹಂತ 4: ತಳವನ್ನು ಬಲಪಡಿಸಿ ಚಕ್ರ ಕೂರಿಸುವುದು

ಒಟ್ಟು ತೂಕವನ್ನು ಮೊದಲು ಕೂಡಿಸಿ. ಚೌಕಟ್ಟು 25 ಕೆ.ಜಿ., ಯುಪಿಎಸ್ 18, ಸರ್ವರ್ 9, ಸ್ವಿಚ್ 4, ಉಳಿದದ್ದು 4 ಎಂದಾದರೆ 60 ಕೆ.ಜಿ. ಆಯಿತು. ನಾಲ್ಕು ಚಕ್ರಗಳಿದ್ದರೂ ಇದನ್ನು ಮೂರರಿಂದಲೇ ಭಾಗಿಸಬೇಕು, ಏಕೆಂದರೆ ಏರುತಗ್ಗಿನ ನೆಲದಲ್ಲಿ ಒಂದು ಚಕ್ರ ಯಾವಾಗಲೂ ಗಾಳಿಯಲ್ಲಿರುತ್ತದೆ. ಆಗ ಒಂದೊಂದು ಚಕ್ರದ ಪಾಲಿಗೆ 20 ಕೆ.ಜಿ. ಬರುತ್ತದೆ. ಹೊಸ್ತಿಲು ದಾಟುವಾಗಿನ ಕುಲುಕಾಟಕ್ಕೆಂದು ಅದರ ಎರಡರಷ್ಟನ್ನಾದರೂ ಹೊರಬಲ್ಲ ಚಕ್ರವನ್ನು ಆರಿಸಿ. ವ್ಯಾಸ 100 ಮಿ.ಮೀ. ಇದ್ದು ಮೇಲೆ ರಬ್ಬರ್ ಇರಲಿ. ಚಿಕ್ಕ ಪ್ಲಾಸ್ಟಿಕ್ ಚಕ್ರ ಪ್ರತಿ ಸಂದಿಯಲ್ಲೂ ಸಿಕ್ಕಿ, ಪೆಟ್ಟನ್ನೆಲ್ಲ ಮೇಲಿನ ಸಾಧನಗಳಿಗೆ ದಾಟಿಸುತ್ತದೆ. ನಾಲ್ಕೂ ಚಕ್ರ ತಿರುಗುವಂತಿದ್ದರೆ ಇಕ್ಕಟ್ಟಿನಲ್ಲಿ ಅನುಕೂಲ. ಎರಡು ಸ್ಥಿರ, ಎರಡು ತಿರುಗುವಂಥವಾದರೆ ಉದ್ದ ದಾರಿಯಲ್ಲಿ ಪೆಟ್ಟಿಗೆ ನೇರವಾಗಿ ಹೋಗುತ್ತದೆ. ಎರಡರಲ್ಲಾದರೂ ಬ್ರೇಕ್ ಕಡ್ಡಾಯ.

ಕ್ಯಾಬಿನೆಟ್ಟಿನ ತಳದ ತಗಡು ಹೆಚ್ಚೆಂದರೆ ಒಂದೂವರೆ ಎರಡು ಮಿ.ಮೀ. ದಪ್ಪ ಇರುತ್ತದೆ. ಚಕ್ರವನ್ನು ನೇರವಾಗಿ ಅದಕ್ಕೆ ಬಿಗಿದರೆ ಬೋಲ್ಟಿನ ಸುತ್ತ ತಗಡು ಬಗ್ಗಿ, ಕೊನೆಗೆ ಹರಿದುಕೊಂಡು ಬರುತ್ತದೆ. ಎಡದಿಂದ ಬಲಕ್ಕೆ ಇಡೀ ಅಗಲಕ್ಕೆ 3 ಮಿ.ಮೀ. ದಪ್ಪದ ಎರಡು ಉಕ್ಕಿನ ಪಟ್ಟಿಗಳನ್ನು, ಒಂದನ್ನು ಮುಂದೆ, ಒಂದನ್ನು ಹಿಂದೆ, ತಳದ ಒಳಗಡೆ ಇಟ್ಟು, ಚಕ್ರದ ಬೋಲ್ಟುಗಳು ಪಟ್ಟಿ ಮತ್ತು ತಗಡು ಎರಡನ್ನೂ ದಾಟಿ ಹೋಗುವಂತೆ ಮಾಡಬೇಕು. ಪಟ್ಟಿಯ ತುದಿಗಳು ಮೂಲೆಗಂಬಗಳ ಬುಡಕ್ಕೆ ಸೇರಿರಲಿ. ಆಗ ಭಾರವು ಕಂಬದಿಂದ ಪಟ್ಟಿಗೆ, ಪಟ್ಟಿಯಿಂದ ಚಕ್ರಕ್ಕೆ ಇಳಿಯುತ್ತದೆ, ತಗಡಿನ ಮೇಲೆ ಬೀಳುವುದಿಲ್ಲ. ಇಲ್ಲಿ ಬಳಸುವ ನಟ್ಟುಗಳೆಲ್ಲ ನೈಲಾನ್ ಉಂಗುರವಿರುವ ನೈಲಾಕ್ ನಟ್ಟುಗಳಾಗಿರಬೇಕು, ಸಾದಾ ನಟ್ಟು ನಡುಕಕ್ಕೆ ಬಿಚ್ಚಿಕೊಳ್ಳುತ್ತದೆ. ಎತ್ತುವ ಹಿಡಿಗಳಿಗೂ ಇದೇ ನಿಯಮ: ಹಿಡಿ ಪಕ್ಕದ ಹಲಗೆಯ ಮೇಲಲ್ಲ, ಕಂಬಕ್ಕೆ ಬೆಸೆದುಕೊಂಡ ಪಟ್ಟಿಯ ಮೇಲಿರಬೇಕು.

ಹಂತ 5: ವಿದ್ಯುತ್ತು ಮತ್ತು ಅರ್ಥಿಂಗ್

ಈ ಹಂತದಲ್ಲಿ ಆತುರ ಸಲ್ಲದು. ಮುಖ್ಯ ವಿದ್ಯುತ್ತಿನ ತಂತಿ ಜೋಡಣೆಯ ಅನುಭವ ಇಲ್ಲದಿದ್ದರೆ ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ನರಿಂದಲೇ ಮಾಡಿಸಬೇಕು.

ಹಿಂಬದಿಯ ತೂತಿನಿಂದ ವಿದ್ಯುತ್ ತಂತಿ ಬಾಲದಂತೆ ಹೊರಗೆ ಜೋತಾಡಬಾರದು. ಸಾಗಿಸುವಾಗ ಅದು ಚಕ್ರಕ್ಕೆ ಸಿಗುತ್ತದೆ, ಎಳೆದಾಗ ಒಳಗಿನ ಜೋಡಣೆ ಕಿತ್ತು ಬರುತ್ತದೆ. ಅದರ ಬದಲು ಹಿಂಬದಿಯ ಹಲಗೆಯಲ್ಲಿ ಐಇಸಿ 60320 ಮಾನಕದ ಸಿ14 ಸಾಕೆಟ್ ಕೂರಿಸಿ. ಅದು 10 ಆಂಪಿಯರ್‌ವರೆಗೆ ಸಾಕು, ಹೆಚ್ಚು ಬೇಕಾದವರು 16 ಆಂಪಿಯರಿನ ಸಿ20 ಬಳಸಬಹುದು. ಇದರಿಂದ ತಂತಿಯನ್ನು ಬೇರ್ಪಡಿಸಿ ಸುತ್ತಿಡಲು ಬರುತ್ತದೆ, ತಂತಿ ಕೆಟ್ಟರೆ ಬೇರೆಯದನ್ನು ಸಿಕ್ಕಿಸಿದರೆ ಮುಗಿಯಿತು. ಸಾಕೆಟ್ಟಿನ ಹಿಂದೆಯೇ ಒಂದು ಎಂಸಿಬಿ (ಹೊರೆ ಮಿತಿಮೀರಿದರೆ ತಾನೇ ಬೀಳುವ ಸ್ವಿಚ್), ಬಯಲಿನಲ್ಲಿ ಬಳಸುವುದಿದ್ದರೆ 30 ಮಿಲಿಆಂಪಿಯರಿನ ಆರ್‌ಸಿಡಿ (ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ ಸಾಧನ) ಕೂಡ ಇರಲಿ. ಅಲ್ಲಿಂದ ಯುಪಿಎಸ್‌ಗೆ, ಯುಪಿಎಸ್‌ನಿಂದ ಹಿಂಗಂಬಕ್ಕೆ ಬಿಗಿದ ಪವರ್ ಸ್ಟ್ರಿಪ್‌ಗೆ ವಿದ್ಯುತ್ ಹರಿಯುತ್ತದೆ.

ಅರ್ಥಿಂಗ್ ವಿಷಯದಲ್ಲಿ ನಾನು ಪಟ್ಟ ಒಂದು ಅನುಭವವನ್ನು ಇಲ್ಲಿ ಹೇಳಬೇಕು. ಮೊದಲ ಪೆಟ್ಟಿಗೆಗೆ ಪೌಡರ್ ಕೋಟಿಂಗ್ ಮಾಡಿಸಿ, ಎಲ್ಲ ಹಲಗೆಗಳನ್ನು ಅಚ್ಚುಕಟ್ಟಾಗಿ ಜೋಡಿಸಿ, ಕೊನೆಯಲ್ಲಿ ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಪ್ಲಗ್ಗಿನ ಅರ್ಥ್ ಪಿನ್ನಿಗೂ ಇನ್ನೊಂದನ್ನು ಬಾಗಿಲಿನ ಸ್ಕ್ರೂ ತಲೆಗೂ ಹಿಡಿದೆ. ಮೀಟರ್ ಸದ್ದು ಮಾಡಲಿಲ್ಲ. ಪಕ್ಕದ ಹಲಗೆಗೆ ಹಿಡಿದರೂ ಸದ್ದಿಲ್ಲ, ಮಾಡಿಗೆ ಹಿಡಿದರೂ ಇಲ್ಲ. ಒಲೆಯಲ್ಲಿ ಕರಗಿ ಗಟ್ಟಿಯಾದ ಆ ಬಣ್ಣವು ಪ್ರತಿಯೊಂದು ಭಾಗವನ್ನೂ ಉಳಿದವುಗಳಿಂದ ವಿದ್ಯುತ್ತಿನ ಮಟ್ಟಿಗೆ ಬೇರ್ಪಡಿಸಿಬಿಟ್ಟಿತ್ತು. ಒಳಗೆ ಫೇಸ್ ತಂತಿಯೊಂದು ಕಳಚಿ ಪಕ್ಕದ ಹಲಗೆಯನ್ನು ತಾಗಿದ್ದರೆ, ಫ್ಯೂಸ್ ಹಾರದೆ, ಎಂಸಿಬಿ ಬೀಳದೆ, ಮುಟ್ಟಿದವರಿಗಾಗಿ ಆ ಹಲಗೆ ಕಾಯುತ್ತಿತ್ತು.

ಆದ್ದರಿಂದ ಅರ್ಥಿಂಗ್ ಜಾಗಗಳನ್ನು ಬಣ್ಣ ಹಚ್ಚುವಾಗಲೇ ಟೇಪಿನಿಂದ ಮುಚ್ಚಿ ಬರಿಯ ಲೋಹವಾಗಿ ಉಳಿಸಿಕೊಳ್ಳಬೇಕು. ತಳದ ಪಟ್ಟಿಯ ಮೇಲೆ ಎಂ6 ಬೋಲ್ಟೊಂದನ್ನು ಅರ್ಥಿಂಗ್‌ಗೆಂದೇ ಮೀಸಲಿಟ್ಟು, ಹಲ್ಲಿರುವ ವಾಷರ್ ಹಾಕಿ, ಸಾಕೆಟ್ಟಿನಿಂದ ಬರುವ ಹಸಿರು ಹಳದಿ ತಂತಿಯನ್ನು ಅಲ್ಲಿಗೆ ತನ್ನಿ. ಆ ಬೋಲ್ಟಿನಿಂದ ಎರಡು ಬಾಗಿಲು, ಎರಡು ಪಕ್ಕ, ಮಾಡು ಇವುಗಳಿಗೆ ಹೆಣೆದ ತಾಮ್ರದ ಪಟ್ಟಿಗಳು ಹೋಗಬೇಕು. ಕೀಲುಗಳನ್ನು ವಾಹಕವೆಂದು ನಂಬುವಂತಿಲ್ಲ, ಗ್ರೀಸು ಮತ್ತು ತುಕ್ಕು ಅವನ್ನು ಯಾವಾಗ ಬೇಕಾದರೂ ಬೇರ್ಪಡಿಸಬಹುದು. ಅರ್ಥ್ ತಂತಿಯನ್ನು ಫೇಸ್ ಮತ್ತು ನ್ಯೂಟ್ರಲ್‌ಗಳಿಗಿಂತ ಸ್ವಲ್ಪ ಉದ್ದವಾಗಿ ಬಿಡಿ. ಏನಾದರೂ ಎಳೆದುಹೋದರೆ ಕೊನೆಗೆ ಕಳಚುವುದು ಅದೇ ಆಗಿರಬೇಕು. ಎಲ್ಲ ಮುಗಿದ ಮೇಲೆ ಅರ್ಥ್ ಪಿನ್ನಿನಿಂದ ಪ್ರತಿ ಲೋಹಭಾಗಕ್ಕೂ ಅಳೆದಾಗ ರೋಧ 0.1 ಓಮ್‌ಗಿಂತ ಹೆಚ್ಚಿರಬಾರದು. ಸಾಧಾರಣ ಮಲ್ಟಿಮೀಟರಿನ ಕಡ್ಡಿಗಳಿಗೇ ಅಷ್ಟು ರೋಧ ಇರುವುದರಿಂದ, ಮೊದಲು ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿ ಬಂದ ಅಂಕಿಯನ್ನು ಕಳೆಯಬೇಕು.

ಹೊರಮೈಯಲ್ಲೂ ಒಂದು ಅರ್ಥಿಂಗ್ ಬೋಲ್ಟ್ ಇರಲಿ. ಗೋಡೆಯ ಪ್ಲಗ್ ತೆಗೆದಾಗ ಯುಪಿಎಸ್ ಬ್ಯಾಟರಿಯಿಂದ ವಿದ್ಯುತ್ ಕೊಡುತ್ತಲೇ ಇರುತ್ತದೆ, ಆದರೆ ಅರ್ಥ್ ಸಂಪರ್ಕ ತಪ್ಪಿರುತ್ತದೆ. ಜನರೇಟರ್ ಬಳಸುವ ಕಡೆಯೂ ಇದು ನೆರವಾಗುತ್ತದೆ. ಕೆಲವು ಸಣ್ಣ ಜನರೇಟರುಗಳಲ್ಲಿ ನ್ಯೂಟ್ರಲ್ಲನ್ನು ಅರ್ಥ್‌ಗೆ ಸೇರಿಸಿರುವುದಿಲ್ಲ. ಅಂಥ ಕಡೆ ಯುಪಿಎಸ್ ತಂತಿ ದೋಷವೆಂದು ಎಚ್ಚರಿಕೆ ಕೊಟ್ಟರೆ ಅದನ್ನು ಕಡೆಗಣಿಸದೆ ತಿಳಿದವರಿಂದ ಪರೀಕ್ಷೆ ಮಾಡಿಸಬೇಕು.

ಹಂತ 6: ಗಾಳಿಯಾಟ

ಒಳಗೆ ಎಷ್ಟು ವಿದ್ಯುತ್ ಖರ್ಚಾಗುತ್ತದೋ ಅಷ್ಟೂ ಶಾಖವಾಗಿ ಹೊರಬರಬೇಕು. ಬೇಕಾದ ಗಾಳಿಯನ್ನು ಲೆಕ್ಕ ಹಾಕಲು ಸರಳ ಸೂತ್ರವಿದೆ. ವ್ಯಾಟುಗಳನ್ನು 3ರಿಂದ ಗುಣಿಸಿ, ಒಳಗಿನ ಗಾಳಿ ಹೊರಗಿನದಕ್ಕಿಂತ ಎಷ್ಟು ಡಿಗ್ರಿ ಸೆಲ್ಸಿಯಸ್ ಏರಬಹುದೋ ಅದರಿಂದ ಭಾಗಿಸಿದರೆ ಗಂಟೆಗೆ ಎಷ್ಟು ಘನ ಮೀಟರ್ ಗಾಳಿ ಬೇಕೆಂದು ತಿಳಿಯುತ್ತದೆ. 250 ವ್ಯಾಟಿಗೆ 10 ಡಿಗ್ರಿ ಏರಿಕೆ ಒಪ್ಪಿಕೊಂಡರೆ 75 ಘನ ಮೀಟರ್. ಫ್ಯಾನಿನ ಪೆಟ್ಟಿಗೆಯ ಮೇಲೆ ಬರೆದಿರುವ ಅಂಕಿ ಮುಂದೆ ಯಾವ ಅಡ್ಡಿಯೂ ಇಲ್ಲದಾಗಿನದು. ಫಿಲ್ಟರು, ತಂತಿ, ಜಾಲರಿಗಳ ನಡುವೆ ಅದರ ಅರ್ಧದಷ್ಟು ಮಾತ್ರ ದಕ್ಕುತ್ತದೆ ಎಂದೇ ಹಿಡಿಯಬೇಕು. ಹೀಗಾಗಿ 120 ಮಿ.ಮೀ.ನ ಎರಡು ಫ್ಯಾನುಗಳಿದ್ದರೆ ಈ ಉದಾಹರಣೆಗೆ ನಿಶ್ಚಿಂತೆ.

ಪಿಒಇ (ನೆಟ್‌ವರ್ಕ್ ತಂತಿಯಲ್ಲೇ ವಿದ್ಯುತ್ತನ್ನೂ ಕಳುಹಿಸುವ ವಿಧಾನ) ಮೂಲಕ ಕ್ಯಾಮೆರಾ ಅಥವಾ ವೈಫೈ ಸಾಧನಗಳಿಗೆ ವಿದ್ಯುತ್ ಕೊಡುವ ಸ್ವಿಚ್ ಇದ್ದರೆ ಲೆಕ್ಕದಲ್ಲಿ ಒಂದು ಸೂಕ್ಷ್ಮವಿದೆ. 2003ರ 802.3ಎಎಫ್ ಮಾನಕದಂತೆ ಒಂದು ಪೋರ್ಟಿಗೆ 15.4 ವ್ಯಾಟ್, 2009ರ 802.3ಎಟಿಯಂತೆ 30 ವ್ಯಾಟ್, 2018ರ 802.3ಬಿಟಿಯಂತೆ 90 ವ್ಯಾಟ್‌ವರೆಗೆ ಸ್ವಿಚ್ ಹೊರಗೆ ಕಳುಹಿಸುತ್ತದೆ. ಎಂಟು ಕ್ಯಾಮೆರಾಗಳಿಗೆ 15.4ರಂತೆ 123 ವ್ಯಾಟ್ ಆಯಿತು. ಇದನ್ನು ಯುಪಿಎಸ್ ಮತ್ತು ತಂತಿಗಳ ಲೆಕ್ಕಕ್ಕೆ ಸೇರಿಸಲೇಬೇಕು. ಆದರೆ ಆ ಶಕ್ತಿ ಬಹುಪಾಲು ಹೊರಗಿನ ಕ್ಯಾಮೆರಾಗಳಲ್ಲಿ ಖರ್ಚಾಗುವುದರಿಂದ ಪೆಟ್ಟಿಗೆಯ ಶಾಖದ ಲೆಕ್ಕಕ್ಕೆ ಸ್ವಿಚ್ಚಿನೊಳಗಿನ ನಷ್ಟ ಮಾತ್ರ ಸೇರುತ್ತದೆ. ಎರಡನ್ನೂ ಒಂದೇ ಅಂಕಿಯೆಂದು ಹಿಡಿದವರು ಬೇಡದ ಫ್ಯಾನುಗಳನ್ನು ಹಾಕಿಸಿ ಸದ್ದು ಹೆಚ್ಚಿಸಿಕೊಳ್ಳುತ್ತಾರೆ.

ಸಾಗಿಸುವ ಪೆಟ್ಟಿಗೆ ದೂಳಿನ ಜಾಗಗಳಿಗೂ ಹೋಗುವುದರಿಂದ ಫ್ಯಾನು ಗಾಳಿಯನ್ನು ಒಳಕ್ಕೆ ತಳ್ಳುವಂತೆ, ಮುಂಭಾಗದ ಕೆಳಗೆ ಫಿಲ್ಟರಿನ ಹಿಂದೆ ಕೂರಿಸುವುದು ನನ್ನ ಪದ್ಧತಿ. ಹೀಗೆ ಮಾಡಿದರೆ ಒಳಗಿನ ಒತ್ತಡ ತುಸು ಹೆಚ್ಚಿದ್ದು, ಸಂದುಗಳಿಂದ ಗಾಳಿ ಹೊರಹೋಗುತ್ತದೆಯೇ ಹೊರತು ದೂಳು ಒಳಬರುವುದಿಲ್ಲ. ತೂತುಬಾಗಿಲು ಇರುವವರು ಇದಕ್ಕಾಗಿ ಬಾಗಿಲಿನ ಒಳಮೈಗೂ ಫಿಲ್ಟರ್ ಹಾಳೆ ಹಾಕಿಕೊಳ್ಳಬೇಕು. ಬಿಸಿಗಾಳಿ ಹಿಂಭಾಗದ ಮೇಲುತುದಿಯಿಂದ ಹೊರಹೋಗಲಿ. ಮುಂಭಾಗದಲ್ಲಿ ಖಾಲಿ ಉಳಿದ ಯುಗಳನ್ನು ಖಾಲಿ ಫಲಕಗಳಿಂದ ಮುಚ್ಚದಿದ್ದರೆ ಹಿಂದಿನ ಬಿಸಿಗಾಳಿಯೇ ಮುಂದೆ ಬಂದು ಮತ್ತೆ ಸಾಧನದೊಳಗೆ ಹೋಗುತ್ತದೆ.

ಹಂತ 7: ಹೊರಸಂಪರ್ಕದ ಫಲಕ

ಸ್ಥಳಕ್ಕೆ ತಲುಪಿದ ಮೇಲೆ ಹೊರಗಿನ ತಂತಿ ಸಿಕ್ಕಿಸಲು ಬಾಗಿಲು ತೆರೆಯುವ ಅಗತ್ಯವೇ ಬೀಳಬಾರದು. ಹಿಂಬದಿಯಲ್ಲಿ 2 ಯು ಎತ್ತರದ ಒಂದು ಫಲಕಕ್ಕೆ ವಿದ್ಯುತ್ ಸಾಕೆಟ್, ಇಂಟರ್ನೆಟ್ ಒಳಬರುವ ಒಂದು ಪೋರ್ಟ್, ಹೊರಹೋಗುವ ಎಂಟು ಹತ್ತು ಆರ್‌ಜೆ45 (ನೆಟ್‌ವರ್ಕ್ ತಂತಿಯ) ಪೋರ್ಟುಗಳು, ಆಂಟೆನಾ ಕನೆಕ್ಟರುಗಳು ಎಲ್ಲವನ್ನೂ ತನ್ನಿ. ಕತ್ತಲಲ್ಲಿ ಅವಸರದಲ್ಲಿ ಎಳೆಯುವವರ ಕೈಗೆ ಸಿಗುವುದು ಈ ಪೋರ್ಟುಗಳೇ. ಮುರಿದರೆ ಇಲ್ಲಿನ ಅಗ್ಗದ ಜೋಡಕ ಮುರಿಯುತ್ತದೆ, ಒಳಗಿನ ಸ್ವಿಚ್ ಉಳಿಯುತ್ತದೆ. ಪ್ರತಿ ಪೋರ್ಟಿಗೂ ದೂಳುಮುಚ್ಚಳ ಮತ್ತು ಅಳಿಸದ ಹೆಸರುಪಟ್ಟಿ ಇರಬೇಕು. ಈಥರ್ನೆಟ್‌ನ 100 ಮೀಟರ್ ಮಿತಿಯಲ್ಲಿ ಒಳಗಿನ ಪ್ಯಾಚ್ ತಂತಿಯ ಉದ್ದವೂ ಸೇರುತ್ತದೆ ಎಂಬುದನ್ನು ಹೊರಗಿನ ತಂತಿ ಎಳೆಯುವಾಗ ನೆನಪಿಡಿ.

ಉಕ್ಕಿನ ಪೆಟ್ಟಿಗೆ ರೇಡಿಯೊ ಅಲೆಗಳನ್ನು ತಡೆಯುತ್ತದೆ. ವೈಫೈ ಅಥವಾ ಮೊಬೈಲ್ ಡೇಟಾ ರೂಟರ್ ಒಳಗಿದ್ದರೆ ಅದರ ಆಂಟೆನಾ ಹೊರಗಿರಲೇಬೇಕು. ಒಳಗಿನಿಂದ ಹೊರಫಲಕದವರೆಗಿನ ಕೋಆ್ಯಕ್ಸ್ ತಂತಿ ಆದಷ್ಟು ಗಿಡ್ಡವಾಗಿರಲಿ. ಆರ್‌ಜಿ-58ರಂಥ ತೆಳು ತಂತಿ 2.4 ಗಿಗಾಹರ್ಟ್ಸ್‌ನಲ್ಲಿ ಮೀಟರಿಗೆ ಸುಮಾರು 1 ಡೆಸಿಬೆಲ್ ನುಂಗುತ್ತದೆ. ಮೂರು ಮೀಟರ್ ಸುತ್ತಿಟ್ಟರೆ ಸಂಕೇತದ ಅರ್ಧ ಶಕ್ತಿ ಅಲ್ಲಿಯೇ ಕಳೆದುಹೋಯಿತು.

ಹಂತ 8: ಸಾಧನಗಳನ್ನು ಕೂರಿಸುವುದು

ಭಾರವಾದದ್ದು ಕೆಳಗೆ, ಹಗುರವಾದದ್ದು ಮೇಲೆ. ಯುಪಿಎಸ್ ಎಲ್ಲಕ್ಕಿಂತ ಕೆಳಗಿನ ಯುನಲ್ಲಿ ಕೂರಲಿ, ಅದರ ಮೇಲೆ ಸರ್ವರ್, ಅದಕ್ಕೂ ಮೇಲೆ ಸ್ವಿಚ್ ಮತ್ತು ಪ್ಯಾಚ್ ಪ್ಯಾನಲ್, ತುದಿಯಲ್ಲಿ ರೂಟರ್.

ಕೇಜ್ ನಟ್ ಕೂರಿಸುವ ಮುನ್ನ ಯು ಎಲ್ಲಿಂದ ಆರಂಭವಾಗುತ್ತದೆ ಎಂದು ಗುರುತಿಸಬೇಕು. ಒಂದು ಯುನಲ್ಲಿ ಮೂರು ತೂತುಗಳಿದ್ದು, ಅವುಗಳ ನಡುವಿನ ಅಂತರ 15.9 ಮಿ.ಮೀ. ಒಂದು ಯುನ ಕೊನೆಯ ತೂತಿಗೂ ಮುಂದಿನ ಯುನ ಮೊದಲ ತೂತಿಗೂ ನಡುವೆ 12.7 ಮಿ.ಮೀ. ಮಾತ್ರ. ಅಂದರೆ ಹತ್ತಿರ ಹತ್ತಿರ ಇರುವ ಎರಡು ತೂತುಗಳ ನಡುಮಧ್ಯವೇ ಯುಗಳ ಗಡಿ. ಒಂದು ತೂತು ಹಿಂದೆಮುಂದೆಯಾದರೆ ಮೇಲಿನ ಎಲ್ಲ ಸಾಧನಗಳೂ ಒಂದಕ್ಕೊಂದು ತಾಗುತ್ತವೆ. ನಟ್ಟುಗಳನ್ನು ಸ್ಕ್ರೂಡ್ರೈವರಿನಿಂದ ಮೀಟದೆ ಅದಕ್ಕೆಂದೇ ಸಿಗುವ ಕೊಕ್ಕೆಯಿಂದ ಕೂರಿಸಿ. ಸ್ಕ್ರೂಡ್ರೈವರ್ ಜಾರಿದರೆ ತಗಡಿನ ಅಂಚಿಗೆ ಬೆರಳು ಕುಯ್ಯುತ್ತದೆ.

ನಿಂತ ಕ್ಯಾಬಿನೆಟ್ಟಿಗೂ ಚಲಿಸುವ ಪೆಟ್ಟಿಗೆಗೂ ಇರುವ ದೊಡ್ಡ ವ್ಯತ್ಯಾಸ ಕಾಣುವುದು ಇಲ್ಲಿಯೇ. ಸ್ವಿಚ್ಚನ್ನು ಮುಂಭಾಗದ ಎರಡು ಕಿವಿಗಳಿಂದ (ಕಂಬಕ್ಕೆ ಬಿಗಿಯುವ ಬದಿಪಟ್ಟಿಗಳಿಂದ) ಮಾತ್ರ ನೇತುಹಾಕುವುದು ಕೋಣೆಯೊಳಗೆ ನಡೆಯುತ್ತದೆ. ರಸ್ತೆಯ ಮೇಲೆ ಅದರ ಹಿಂಭಾಗ ಸನ್ನೆಕೋಲಿನಂತೆ ಮೇಲೆ ಕೆಳಗೆ ಬಡಿದಾಡಿ ಕಿವಿಗಳನ್ನು ಬಗ್ಗಿಸುತ್ತದೆ. ಹೀಗೆ ಬಗ್ಗಿದ ಕಿವಿಯ ಮೇಲೆ ತಿರುಪು ಕೂಡ ಅರ್ಧ ಬಿಚ್ಚಿಕೊಂಡಿದ್ದುದನ್ನು ನಾನು ನೋಡಿದ್ದೇನೆ. ಆದ್ದರಿಂದ ಪ್ರತಿ ಸಾಧನಕ್ಕೂ ಹಿಂದಿನ ಆಸರೆ ಬೇಕು. ಹಿಂಗಂಬಗಳಿಗೆ ಬಿಗಿದ ಅಡ್ಡಪಟ್ಟಿಯಾಗಲಿ, ನಾಲ್ಕೂ ಕಂಬಕ್ಕೆ ಸೇರಿದ ತಟ್ಟೆಯಾಗಲಿ ಆದೀತು. ತಟ್ಟೆಯ ಮೇಲೆ ಇಡುವ ಸಣ್ಣ ರೂಟರಿಗೆ ಅಂಟುಟೇಪು ಸಾಲದು. ಬಿಸಿಗೆ ಅಂಟು ಮೆತ್ತಗಾಗುತ್ತದೆ. ತಟ್ಟೆಯ ಸೀಳುಗಳ ಮೂಲಕ ಅಗಲವಾದ ವೆಲ್ಕ್ರೊ ಪಟ್ಟಿ ಹಾಯಿಸಿ ಕಟ್ಟಬೇಕು.

ತಂತಿಗಳನ್ನು ಕಟ್ಟುವುದಕ್ಕೂ ಪ್ಲಾಸ್ಟಿಕ್ ಟೈಗಿಂತ ವೆಲ್ಕ್ರೊ ಒಳ್ಳೆಯದು. ಬಿಗಿಯಾದ ಟೈ ತಂತಿಯೊಳಗಿನ ಜೋಡಿಗಳ ಹೆಣಿಗೆಯನ್ನು ಅಮುಕಿ ಕೆಡಿಸುತ್ತದೆ. ನೆಟ್‌ವರ್ಕ್ ತಂತಿಯ ಬಾಗು ಅದರ ವ್ಯಾಸದ ನಾಲ್ಕರಷ್ಟು ತ್ರಿಜ್ಯಕ್ಕಿಂತ ಬಿಗಿಯಾಗಬಾರದು. ತಗಡನ್ನು ದಾಟುವ ಪ್ರತಿ ತೂತಿಗೂ ರಬ್ಬರ್ ಗ್ರಾಮೆಟ್ (ತಗಡಿನ ಅಂಚು ತಂತಿಯನ್ನು ಕುಯ್ಯದಂತೆ ತಡೆಯುವ ಉಂಗುರ) ಇರಬೇಕು. ವಿದ್ಯುತ್ ಪ್ಲಗ್ಗುಗಳು ಸಿಕ್ಕಿಸಿದಲ್ಲೇ ನಿಲ್ಲುತ್ತವೆ ಎಂಬ ನಂಬಿಕೆ ಬೇಡ, ಅವುಗಳನ್ನೂ ಹಿಡಿಕೆಯಿಂದ ಅಥವಾ ಪಟ್ಟಿಯಿಂದ ಭದ್ರಪಡಿಸಿ.

ಹಂತ 9: ಪರೀಕ್ಷೆ ಮತ್ತು ಮೊದಲ ಪ್ರಯಾಣ

ಮೊದಲು ಅರ್ಥಿಂಗ್ ಅಳತೆ, ಬಳಿಕ ತಂತಿ ಪರೀಕ್ಷಕದಿಂದ ಪ್ರತಿ ಪೋರ್ಟ್, ಅನಂತರ ಬಾಗಿಲುಗಳನ್ನು ಮುಚ್ಚಿ ನಾಲ್ಕು ಗಂಟೆ ಪೂರ್ಣ ಹೊರೆಯಲ್ಲಿ ಓಡಿಸಿ ಮೇಲುಭಾಗದ ತಾಪ ನೋಡಬೇಕು. ಲೆಕ್ಕದ 10 ಡಿಗ್ರಿಗಿಂತ ಗಣನೀಯವಾಗಿ ಏರಿದರೆ ತಂತಿಯ ಕಟ್ಟೊಂದು ಗಾಳಿಯ ದಾರಿಗೆ ಅಡ್ಡ ಬಂದಿರುವ ಸಾಧ್ಯತೆಯೇ ಹೆಚ್ಚು. ಸ್ಥಿರತೆಗಾಗಿ ಇಬ್ಬರು ಹಿಡಿದುಕೊಂಡು ಪೆಟ್ಟಿಗೆಯನ್ನು ಪ್ರತಿ ಬದಿಗೂ 10 ಡಿಗ್ರಿಯಷ್ಟು ವಾಲಿಸಿ ನೋಡಿ, ಕೈ ಸಡಿಲಿಸಿದಾಗ ಅದು ತಾನಾಗಿ ನೇರವಾಗುವತ್ತ ಒಲೆಯಬೇಕು.

ವಾಹನದಲ್ಲಿ ಪೆಟ್ಟಿಗೆಯನ್ನು ಚಕ್ರಗಳ ಬ್ರೇಕಿನ ಭರವಸೆಗೆ ಬಿಡಬಾರದು. ನೇರವಾಗಿ ನಿಲ್ಲಿಸಿ, ಪಟ್ಟಿಗಳನ್ನು ಕಂಬಗಳ ಸುತ್ತ ಹಾಯಿಸಿ ವಾಹನದ ಕೊಂಡಿಗಳಿಗೆ ಬಿಗಿಯಬೇಕು. ಯುಪಿಎಸ್‌ನ ಬ್ಯಾಟರಿ ಸಂಪರ್ಕ ಕಳಚಿರಲಿ. ತಣ್ಣನೆಯ ವಾಹನದಿಂದ ಬೆಚ್ಚಗಿನ, ತೇವವಿರುವ ಕೋಣೆಗೆ ತಂದೊಡನೆ ಗುಂಡಿ ಒತ್ತಬಾರದು. ಒಳಗಿನ ಲೋಹದ ಮೇಲೆ ನೀರಹನಿ ಕಟ್ಟಿರುತ್ತದೆ. ಬಾಗಿಲು ತೆರೆದು, ಲೋಹ ಕೋಣೆಯ ತಾಪಕ್ಕೆ ಬಂದು, ಮೇಲ್ಮೈ ಒಣಗುವವರೆಗೆ ಕಾಯಬೇಕು.

ಹೊರಡುವ ಮುನ್ನ ಇನ್ನೊಂದು ಸಣ್ಣ ಕೆಲಸ ಉಳಿದಿರುತ್ತದೆ. ಬಿಗಿದ ಪ್ರತಿ ನಟ್ಟಿನ ಮೇಲಿಂದ ಪಕ್ಕದ ತಗಡಿನ ಮೇಲಕ್ಕೆ ಹಾಯುವಂತೆ ಬಿಳಿ ಅಥವಾ ಕೆಂಪು ಬಣ್ಣದ ಪೆನ್ನಿನಿಂದ ಒಂದು ನೇರ ಗೆರೆ ಎಳೆಯಿರಿ. ಮೊದಲ ಪ್ರಯಾಣ ಮುಗಿದ ಮೇಲೆ ಸ್ಪ್ಯಾನರ್ ಹಿಡಿಯಬೇಕಾಗಿಯೇ ಇಲ್ಲ, ಟಾರ್ಚ್ ಬಿಟ್ಟು ನೋಡಿದರೆ ಸಾಕು. ಗೆರೆ ತುಂಡಾಗಿ ಎರಡು ತುದಿಗಳು ಸರಿದಿರುವ ಕಡೆ ನಟ್ಟು ತಿರುಗಿದೆ. ಅದನ್ನು ಬಿಚ್ಚಿ, ಮರೆಗೆ ತಿರುಪು ಹಿಡಿಯುವ ದ್ರವದ ಒಂದು ಹನಿ ಹಾಕಿ, ಮತ್ತೆ ಬಿಗಿದು, ಹಳೆಯ ಗೆರೆಯನ್ನು ಒರೆಸಿ ಹೊಸದನ್ನು ಎಳೆಯಬೇಕು.